ಎತ್ತಿಕೊಂಡು ಹೋಗೋದು ಬೇಡ, ದಾರಿ ಬೇಕು

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು. ಅವರ ಮಗಳಿಗೆ 14 ವರ್ಷ. ವೀಲ್‌ಚೇರ್ ಬಳಸುತ್ತಾಳೆ, ಇತಿಹಾಸ ಅಂದ್ರೆ ಪ್ರಾಣ. ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಒಂದು ಹಳೆಯ ದೇವಾಲಯಕ್ಕೂ ಅದರ ಪಕ್ಕದ ಮ್ಯೂಸಿಯಂಗೂ ಹೋಗಿದ್ದರು. ಟಿಕೆಟ್ ಗೇಟಿನ ಸಂದಿಯಲ್ಲಿ ಕುರ್ಚಿ ತೂರಲಿಲ್ಲ. ಮ್ಯೂಸಿಯಂ ಬಾಗಿಲಿಗೆ ನಾಲ್ಕು ಮೆಟ್ಟಿಲು. ಕಾವಲಿನವರಿಬ್ಬರು ಒಳ್ಳೆ ಮನಸ್ಸಿನಿಂದಲೇ ಅವಳನ್ನು ಕುರ್ಚಿ ಸಮೇತ ಎತ್ತಿದರು. ಸುತ್ತ ಜನ ನಿಂತು ನೋಡಿದರು. ವಾಪಸ್ ಬರುವಾಗ ಹುಡುಗಿ, “ಇನ್ಮೇಲೆ ನಾನು ಎಲ್ಲಿಗೂ ಬರಲ್ಲ” ಅಂದಳಂತೆ. ಪತ್ರದ ಕೊನೆಯಲ್ಲಿ ಈ ಪ್ರಶ್ನೆ ಇದೆ: “ಎಂಟುನೂರು ವರ್ಷದ ಕಟ್ಟಡದ ಹತ್ತಿರ ರ‍್ಯಾಂಪ್ ಬೇಕು ಅನ್ನೋದು ತಪ್ಪೇ? ಸ್ಮಾರಕ ಕೆಡುತ್ತೆ ಅಂತ ನಮ್ಮ ಮನೆಯಲ್ಲೇ ಕೆಲವರು ಹೇಳ್ತಾರೆ.”

ಪ್ರಿಯ ಓದುಗರೇ,

ಖಂಡಿತ ತಪ್ಪಲ್ಲ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ನೋಡಿ. ಮಗಳನ್ನು ತಡೆದದ್ದು ಟಿಕೆಟ್ ಗೇಟು, ಆಮೇಲೆ ಮ್ಯೂಸಿಯಂನ ನಾಲ್ಕು ಮೆಟ್ಟಿಲು. ಇವೆರಡಕ್ಕೂ ಎಂಟುನೂರು ವರ್ಷ ಆಗಿಲ್ಲ. ಎರಡೂ ನಮ್ಮ ಕಾಲದಲ್ಲಿ, ಸರ್ಕಾರದ ದುಡ್ಡಿನಲ್ಲಿ, ನಕ್ಷೆ ಹಾಕಿ ಕಟ್ಟಿದವು. ಶೌಚಾಲಯ, ಪಾರ್ಕಿಂಗ್, ಕುಡಿಯುವ ನೀರಿನ ನಲ್ಲಿ, ಜಲ್ಲಿ ಹಾಸಿದ ಕಾಲುದಾರಿ, ಎತ್ತರದಲ್ಲಿ ನೇತುಹಾಕಿದ ಮಾಹಿತಿ ಫಲಕ, ಎಲ್ಲವೂ ಹಾಗೆಯೇ. ಇವನ್ನು ಸರಿಮಾಡಲು ಸ್ಮಾರಕದ ಒಂದು ಕಲ್ಲನ್ನೂ ಮುಟ್ಟಬೇಕಾಗಿಲ್ಲ. ಹೆಚ್ಚಿನ ಕಡೆ ಅಡ್ಡಿ ಇರುವುದು ಇಲ್ಲೇ. ಆದರೂ ಮಾತು ಶುರುವಾದ ಕೂಡಲೇ ಎಲ್ಲರೂ ಗರ್ಭಗುಡಿಯ ಹೊಸ್ತಿಲಿಗೆ ಓಡುತ್ತಾರೆ, ಅದು ಆಗಲ್ಲ ಅಂತ ತೋರಿಸಿ ಉಳಿದದ್ದನ್ನೂ ಕೈಬಿಡುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರ ತರಿಸುವ ವಿಷಯ.

ಮ್ಯೂಸಿಯಂ ಬಾಗಿಲು ಮೊದಲು ಸರಿಯಾಗಲಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಹಂಪಿಯ ಮಾತಂಗ ಬೆಟ್ಟವನ್ನು ಎಲ್ಲರೂ ಹತ್ತಲಾರರು. ಆದರೆ ಕಮಲಾಪುರದ ಮ್ಯೂಸಿಯಂನಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ. ಬೆಟ್ಟ, ಹೊಳೆ, ಗುಡಿಗಳು ಎಲ್ಲಿವೆ ಅಂತ ಅದರ ಸುತ್ತ ಒಂದು ಸುತ್ತು ಬಂದರೆ ತಿಳಿಯುತ್ತದೆ. ಸ್ಥಳದಲ್ಲಿ ಎಲ್ಲ ಕಡೆ ಹೋಗಲಾಗದವರಿಗೆ ಮ್ಯೂಸಿಯಂ ಬಹಳ ದೊಡ್ಡ ಆಸರೆ. ಅಂಥ ಕಟ್ಟಡಕ್ಕೇ ಮೆಟ್ಟಿಲು ಅಡ್ಡ ಬಂದರೆ ಅವರಿಗೆ ಉಳಿಯುವುದೇನು?

ಇನ್ನು ರ‍್ಯಾಂಪಿನ ಲೆಕ್ಕ. ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು ಅನ್ನುವುದು ಎಲ್ಲರೂ ಒಪ್ಪಿದ ಅಳತೆ. ನಿಮ್ಮ ಮಗಳಿಗೆ ಎದುರಾದ ನಾಲ್ಕು ಮೆಟ್ಟಿಲು ತಲಾ ಆರು ಇಂಚು ಅಂದುಕೊಳ್ಳಿ. ಒಟ್ಟು ಎರಡು ಅಡಿ ಎತ್ತರ. ಹಾಗಾದರೆ ಇಳಿಜಾರು 24 ಅಡಿ ಉದ್ದ ಇರಬೇಕು, ಮೇಲೂ ಕೆಳಗೂ ಕುರ್ಚಿ ತಿರುಗಿಸಲು ಸಮತಟ್ಟಾದ ಜಾಗ ಬೇಕು, ಪಕ್ಕದಲ್ಲಿ ಹಿಡಿಕೆ ಬೇಕು. ನಮ್ಮಲ್ಲಿ ಎಷ್ಟೋ ಕಡೆ ಮೆಟ್ಟಿಲ ಪಕ್ಕದಲ್ಲೇ ಆರೇಳು ಅಡಿಗೆ ಸಿಮೆಂಟ್ ಸುರಿದು ರ‍್ಯಾಂಪ್ ಆಯ್ತು ಅಂತ ಫೋಟೊ ತೆಗೆಸುತ್ತಾರೆ. ಅದರ ಮೇಲೆ ಒಬ್ಬರೇ ಕುರ್ಚಿ ಏರಿಸಲು ಆಗುವುದಿಲ್ಲ. ಇಳಿಯುವಾಗಂತೂ ಮುಂದಕ್ಕೆ ಮುಗ್ಗರಿಸುವ ಭಯ. ಮೇಲೆ ನುಣುಪು ಟೈಲ್ಸ್ ಇದ್ದು ಮಳೆ ಬಂದರೆ ಕೇಳುವುದೇ ಬೇಡ. ಇಂಥ ರ‍್ಯಾಂಪ್ ಇಲ್ಲದಿದ್ದರೇ ವಾಸಿ.

ಸ್ಮಾರಕದ ಒಳಗೇ ಮೆಟ್ಟಿಲಿದ್ದರೆ? ಅಲ್ಲಿ ಸಿಮೆಂಟ್ ಬೇಡ. ಮೊಳೆ ಹೊಡೆಯದೆ, ಕಲ್ಲಿನ ಮೇಲೆ ಸುಮ್ನೆ ಕೂರುವ, ಬೇಕೆಂದಾಗ ತೆಗೆದಿಡಬಹುದಾದ ಮರದ ಅಥವಾ ಲೋಹದ ಇಳಿಜಾರು ಸಾಕು. ಇದು ಹೊಸ ಆಲೋಚನೆಯೇನೂ ಅಲ್ಲ. 2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್ ಮಿನಾರ್, ಜಂತರ್ ಮಂತರ್‌ಗಳಲ್ಲಿ ತಾತ್ಕಾಲಿಕವಾಗಿ ಮರದ ರ‍್ಯಾಂಪ್ ಹಾಕಿದ್ದರು. ಅವರು ಕುರ್ಚಿಯಲ್ಲೇ ಹೋಗಿ ನೋಡಿದರು. ಅಷ್ಟು ದೊಡ್ಡ ಅತಿಥಿಗೆ ಸಾಧ್ಯವಾದದ್ದು ದಾವಣಗೆರೆಯ ಹುಡುಗಿಗೂ ಸಾಧ್ಯವಾಗಬೇಕು, ಅಲ್ವಾ?

ಮನೆಯವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡಕ್ಕೆ 2020ರಲ್ಲಿ ಹೊಸ ಲಿಫ್ಟ್ ಬಂತು. ಅದರ ಜೊತೆಗೆ ಮೇಲೆ ಅಗಲವಾದ ಕಾಂಕ್ರೀಟ್ ದಾರಿಯನ್ನೂ ಹಾಸಿದರು. ಪುರಾತತ್ವ ಬಲ್ಲವರಲ್ಲಿ ಅನೇಕರು ಆ ಕಾಂಕ್ರೀಟನ್ನು ಕಟುವಾಗಿ ಟೀಕಿಸಿದರು. ನನ್ನ ಅಭಿಪ್ರಾಯ ಕೇಳಿದರೆ ಲಿಫ್ಟ್ ಬೇಕೇ ಬೇಕಿತ್ತು, ದಾರಿಯ ಬಗ್ಗೆ ಇನ್ನಷ್ಟು ಚರ್ಚೆ ಆಗಬೇಕಿತ್ತು. ನಕ್ಷೆ ಬರೆಯುವ ಮೊದಲೇ ಕಲ್ಲು ಬಲ್ಲವರನ್ನೂ ವೀಲ್‌ಚೇರ್ ಬಳಸುವವರನ್ನೂ ಒಟ್ಟಿಗೆ ಸ್ಥಳಕ್ಕೆ ಕರೆದುಕೊಂಡು ಹೋಗಬೇಕು. ಕಟ್ಟಿದ ಮೇಲೆ ಕೇಳಿದರೆ ಜಗಳವೇ ಗತಿ. ಇಟಲಿಯ ಪೊಂಪೇಯಲ್ಲಿ ಏಳುಬೀಳಿನ ಹಳೆಯ ಕಲ್ಲುಬೀದಿಗಳ ನಡುವೆಯೇ ಮೂರು ಕಿಲೋಮೀಟರಿಗೂ ಜಾಸ್ತಿ ಉದ್ದದ ಸುಗಮ ದಾರಿಯನ್ನು 2016ರಲ್ಲಿ ತೆರೆದರು. ಊರಿಡೀ ಸಮತಟ್ಟು ಮಾಡಲು ಹೋಗಲಿಲ್ಲ. ಒಂದು ಒಳ್ಳೆಯ ದಾರಿ ಆರಿಸಿಕೊಂಡರು.

ಕೆಲವು ಜಾಗ ಮಾತ್ರ ನಿಜಕ್ಕೂ ಕಷ್ಟ. ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲಲ್ಲೇ ಹತ್ತಬೇಕು. ಅಲ್ಲಿ ಲಿಫ್ಟ್ ಕೊರೆಯಿರಿ ಅಂತ ನಾನು ಕೇಳಲಾರೆ. ಆದರೆ ಮೇಲಿನ ದೃಶ್ಯ ಮತ್ತು ಪ್ರತಿಧ್ವನಿಯನ್ನು ಚೆನ್ನಾಗಿ ದಾಖಲಿಸಿ, ಮುಂದಿರುವ ನಗಾರಿಖಾನೆಯ ಮ್ಯೂಸಿಯಂನಲ್ಲಿ ತೋರಿಸಬಹುದು, ಕೇಳಿಸಬಹುದು. ಮೇಲೆ ಹತ್ತಿದ ಅನುಭವಕ್ಕೆ ಅದು ಸಾಟಿಯಲ್ಲ, ನಿಜ. ಆದರೂ ಕೆಳಗೆ ಒಬ್ಬರೇ ಕೂತು ಮನೆಯವರಿಗಾಗಿ ಕಾಯುವುದಕ್ಕಿಂತ ಎಷ್ಟೋ ಮೇಲು.

ನಿಮ್ಮ ಪತ್ರದಲ್ಲಿಲ್ಲದ ಒಂದು ಮಾತನ್ನೂ ಸೇರಿಸುತ್ತೇನೆ. ಕಣ್ಣು ಕಾಣದವರು ಬೇಲೂರಿಗೆ ಹೋದರೆ ಅವರಿಗೆ ಸಿಗುವುದೇನು? ಶಿಲ್ಪ ಮುಟ್ಟಬೇಡಿ ಅನ್ನುವ ನಿಯಮ ಸರಿಯೇ. ದಿನಕ್ಕೆ ನೂರಾರು ಕೈ ಸೋಕಿದರೆ ಬಳಪದ ಕಲ್ಲಿನ ಕುಸುರಿ ಸವೆಯುತ್ತದೆ. ಹಾಗಾದರೆ ಮುಟ್ಟಲೆಂದೇ ಪ್ರತಿಕೃತಿ ಇಡಬೇಕು. ದೆಹಲಿಯ ರಾಷ್ಟ್ರೀಯ ಮ್ಯೂಸಿಯಂ 2015ರಲ್ಲಿ ‘ಅನುಭವ್’ ಅನ್ನುವ ಮುಟ್ಟಿ ನೋಡುವ ಗ್ಯಾಲರಿ ತೆರೆಯಿತು. ಇಟಲಿಯ ಆಂಕೋನಾದಲ್ಲಿ ಕಣ್ಣು ಕಾಣದ ದಂಪತಿಯೇ ಶುರುಮಾಡಿದ ಮ್ಯೂಸಿಯಂ ಒಂದಿದೆ. ಅಲ್ಲಿ ಶಿಲ್ಪಗಳನ್ನು ಕೈಯಲ್ಲೇ ನೋಡಬಹುದು. ನಮಗೆ ಶಿಲ್ಪಿಗಳ ಕೊರತೆಯೇ? ಮಾಲೂರಿನ ಶಿವಾರಪಟ್ಟಣದಲ್ಲಿ ಇಂದಿಗೂ ಕಲ್ಲು ಕೆತ್ತುತ್ತಾರೆ. ಒಂದು ಮದನಿಕೆ, ನಕ್ಷತ್ರಾಕಾರದ ಜಗತಿಯ, ಅಂದ್ರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಒಂದು ಸಣ್ಣ ಮಾದರಿ ಮಾಡಿಸಿ, ಪಕ್ಕದಲ್ಲಿ ಕನ್ನಡ ಬ್ರೈಲ್ ಫಲಕ ಇಟ್ಟರೆ ಸಾಕು. ಕಣ್ಣಿರುವ ಮಕ್ಕಳೂ ಅಲ್ಲೇ ಮುತ್ತಿಕೊಳ್ಳುತ್ತಾರೆ.

ಈಗ ಕಾನೂನು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅಂದ್ರೆ ಬರೀ ನಿಷೇಧಗಳ ಪಟ್ಟಿ ಅಂತ ಜನ ತಿಳಿದಿದ್ದಾರೆ. ಅದರ 18ನೇ ಕಲಮು ರಕ್ಷಿತ ಸ್ಮಾರಕಕ್ಕೆ ಪ್ರವೇಶ ಸಾರ್ವಜನಿಕರ ಹಕ್ಕು ಅನ್ನುತ್ತದೆ. ನಿಮ್ಮ ಮಗಳೂ ಸಾರ್ವಜನಿಕರಲ್ಲಿ ಒಬ್ಬಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು, ನಿಯಮ ಬಂದಂದಿನಿಂದ ಐದು ವರ್ಷ ಕೊಟ್ಟಿತ್ತು. ನಿಯಮ ಬಂದದ್ದು 2017ರಲ್ಲಿ, ಅಂದ್ರೆ ಆ ಗಡುವು 2022ರಲ್ಲೇ ಮುಗಿದಿದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಇಂಥ ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯ ಆಗಬೇಕು ಎಂದು ಸ್ಪಷ್ಟವಾಗಿ ಹೇಳಿದೆ.

ಆದ್ದರಿಂದ ದಯವಿಟ್ಟು ದೂರು ಬರೆಯಿರಿ. ಆ ಜಾಗ ಯಾರ ಕೈಲಿದೆ ಅಂತ ಮೊದಲು ನೋಡಿಕೊಳ್ಳಿ. ಗೇಟಿನ ಹತ್ತಿರದ ನೀಲಿ ಫಲಕದಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದಾದರೆ ಬೆಂಗಳೂರು, ಧಾರವಾಡ, ಹಂಪಿ ವಲಯ ಕಚೇರಿಗಳಲ್ಲಿ ಸಂಬಂಧಪಟ್ಟದ್ದಕ್ಕೆ ಬರೆಯಿರಿ, ಅಂಗವಿಕಲರ ಮುಖ್ಯ ಆಯುಕ್ತರಿಗೆ ಒಂದು ಪ್ರತಿ ಕಳಿಸಿ. ರಾಜ್ಯದ ಪುರಾತತ್ವ ಇಲಾಖೆಯದೋ ಮುಜರಾಯಿಯದೋ ಆದರೆ ಪ್ರತಿ ರಾಜ್ಯ ಆಯುಕ್ತರಿಗೆ ಹೋಗಲಿ. “ತೊಂದರೆ ಆಯ್ತು” ಅಂತಷ್ಟೇ ಬರೆದರೆ ಸಾಲದು. ಗೇಟಿನ ಅಗಲ ಎಷ್ಟು, ಕುರ್ಚಿಯ ಅಗಲ ಎಷ್ಟು, ಮೆಟ್ಟಿಲು ಎಷ್ಟು, ಶೌಚಾಲಯದ ಬಾಗಿಲು ಹೇಗಿದೆ ಅಂತ ಫೋಟೊ ಸಮೇತ ಬರೆಯಿರಿ. ಎತ್ತಿದ ಕಾವಲಿನವರ ಮೇಲೆ ದೂರು ಬೇಡ, ಅವರಿಗೆ ಬೇರೆ ದಾರಿ ಇರಲಿಲ್ಲ.

ಮಗಳು ಒಪ್ಪಿದರೆ ಆ ದೂರನ್ನು ಅವಳೇ ಬರೆಯಲಿ. ಒಂದು ಪ್ರತಿ ನಮಗೂ ಕಳಿಸಿ. ಕಚೇರಿಯಿಂದ ಬಂದ ಉತ್ತರದ ಜೊತೆ ಅದನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಎರಡು ತಿಂಗಳಾದರೂ ಉತ್ತರ ಬಾರದಿದ್ದರೆ ಪತ್ರಿಕೆಯ ಕಡೆಯಿಂದ ನಾವೇ ಕೇಳುತ್ತೇವೆ.

– ಸಂಪಾದಕ