ಮೈಕ್ರೋಫೈನಾನ್ಸ್ ಸಾಲ ತಗೊಂಡು ಅಂಗಡಿ ದೊಡ್ಡದು ಮಾಡಲಾ?

ಪ್ರಶ್ನೆ: ಮೇಡಂ, ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ವರ್ಷದಿಂದ ಕಿರಾಣಿ ಅಂಗಡಿ ನಡೆಸುತ್ತಿದ್ದೇನೆ. ಮೈಕ್ರೋಫೈನಾನ್ಸ್‌ನವರು 50,000 ರೂಪಾಯಿ ಕೊಡುತ್ತಾರಂತೆ, ಎರಡು ವರ್ಷ ಕಂತು. ಫ್ರಿಜ್ ತಂದು ಹಾಲು, ಮೊಸರು, ಜ್ಯೂಸ್ ಇಡುವ ಆಸೆ. ಮನೆಯವರು ಅದರಲ್ಲಿ ಹತ್ತು ಸಾವಿರ ಬೈಕ್ ರಿಪೇರಿಗೆ ಕೇಳುತ್ತಿದ್ದಾರೆ. ತಗೊಳ್ಳಲಾ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಾಲ್ಕು ವರ್ಷ ಅಂಗಡಿ ನಡೆಸಿದ್ದೀರಿ, ಅದೇ ನಿಮ್ಮ ದೊಡ್ಡ ಬಂಡವಾಳ. ಸಾಲಕ್ಕೆ ಹೆದರಬೇಡಿ, ಆದರೆ ಮೊದಲು ಒಂದು ಲೆಕ್ಕ ಹಾಕಿ.

ವರ್ಷಕ್ಕೆ ನೂರಕ್ಕೆ 24 ಬಡ್ಡಿ, ಅದೂ ಅಸಲು ತೀರಿದ ಹಾಗೆ ಇಳಿಯುವ ಲೆಕ್ಕ ಅಂತಿಟ್ಟುಕೊಂಡರೆ ತಿಂಗಳ ಕಂತು ಸುಮಾರು 2,640 ರೂಪಾಯಿ. ನೂರು ರೂಪಾಯಿ ವ್ಯಾಪಾರಕ್ಕೆ ಹತ್ತು ಉಳಿಯುತ್ತೆ ಅಂತಿಟ್ಟುಕೊಂಡರೆ, ಬರೀ ಕಂತು ಕಟ್ಟೋದಕ್ಕೇ ದಿನಕ್ಕೆ 880 ರೂಪಾಯಿ ವ್ಯಾಪಾರ ಈಗಿನದಕ್ಕಿಂತ ಜಾಸ್ತಿ ಆಗಬೇಕು, ಅದೂ ಉದ್ರಿ ಅಲ್ಲ, ಕೈಗೆ ಬರುವ ದುಡ್ಡು. ಹಾಲಿನಲ್ಲಿ ಉಳಿಯೋದು ಇನ್ನೂ ಕಮ್ಮಿ, ಮೇಲೆ ಕರೆಂಟ್ ಬಿಲ್ಲು. ಹಾಗಾಗಿ ಒಂದು ವಾರ ಕೂತು, ಗಿರಾಕಿ ಏನು ಕೇಳಿ ಇಲ್ಲ ಅನ್ನಿಸಿಕೊಂಡು ಹೋಗುತ್ತಾರೆ ಅಂತ ಬರೆದಿಡಿ. ದಿನಾ ಹತ್ತು ಜನ ತಂಪು ಕೇಳುತ್ತಿದ್ದರೆ ಫ್ರಿಜ್ ತನ್ನಿ. ಇಲ್ಲದಿದ್ದರೆ ಬೇಗ ಖರ್ಚಾಗುವ ಸಾಮಾನಿಗೆ 20,000 ಸಾಕು.

‘ಬಡ್ಡಿ ಬರೀ 12, ಫ್ಲಾಟ್’ ಅಂದರೆ ಖುಷಿಪಡಬೇಡಿ. ಫ್ಲಾಟ್ ಅಂದರೆ ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಕೊನೆವರೆಗೂ ಪೂರ್ತಿ 50,000ದ ಮೇಲೇ. ಎರಡು ವರ್ಷಕ್ಕೆ 12,000 ಬಡ್ಡಿ ಸೇರಿ ಕಂತು 2,583 ಆಗುತ್ತೆ, ಮೇಲಿನ 24ಕ್ಕೂ ಇದಕ್ಕೂ ತಿಂಗಳಿಗೆ ಸುಮಾರು ಅರವತ್ತು ರೂಪಾಯಿಯಷ್ಟೇ ವ್ಯತ್ಯಾಸ ನೋಡಿ!

ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮನೆಮಂದಿಯ ಎಲ್ಲ ಸಾಲದ ಕಂತು ಸೇರಿ ಮನೆ ಆದಾಯದ ಅರ್ಧ ದಾಟಬಾರದು. ಅಡವು ಕೇಳುವಂತಿಲ್ಲ, ಅವಧಿಗೆ ಮೊದಲೇ ತೀರಿಸಿದರೆ ದಂಡವೂ ಇಲ್ಲ. ವಸೂಲಿಗೆ ಬಂದು ಕಿರುಕುಳ ಕೊಟ್ಟರೆ ಪೊಲೀಸರಿಗೆ ದೂರು ಕೊಡಬಹುದು. ಈ ಸಾಲ ತಗೊಳ್ಳೋದಕ್ಕೂ ಮೊದಲು ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಕೇಳಿ, ಬ್ಯಾಂಕಿನಲ್ಲಿ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ‘ಶಿಶು’ ಸಾಲ ವಿಚಾರಿಸಿ. ಅದರಲ್ಲೂ 50,000ದವರೆಗೆ ಅಡವಿಲ್ಲ.

ಇನ್ನು ಬೈಕ್ ವಿಷಯ. ಆ ಹತ್ತು ಸಾವಿರದ ಕಂತನ್ನೂ ನಿಮ್ಮ ಅಂಗಡಿಯೇ ದುಡಿದು ಕಟ್ಟಬೇಕು, ಬೈಕ್ ಅಂಗಡಿಗೆ ಸಾಮಾನು ತರದಿದ್ದರೆ ಕೊಡಬೇಡಿ. ಗುಂಪಿನಲ್ಲಿ ಒಬ್ಬರಿಗೊಬ್ಬರು ಹೊಣೆ ನಿಲ್ಲುವ ಸಾಲವಾದರೆ, ನೀವು ತಪ್ಪಿದಾಗ ಪಕ್ಕದ ಮನೆಯಾಕೆ ಕಟ್ಟಬೇಕಾಗುತ್ತೆ ಅಲ್ವಾ, ಇದನ್ನು ಮನೆಯವರಿಗೆ ಲೆಕ್ಕದ ಪುಸ್ತಕ ತೋರಿಸಿಯೇ ಹೇಳಿ.