ಚಿಕಿತ್ಸೆಯ ಮೊದಲು-ನಂತರದ ಪಿಎಚ್‌ಕ್ಯೂ-9 ಅಂಕಗಳಿಗೆ ಐಟಂ ರೆಸ್ಪಾನ್ಸ್ ಥಿಯರಿ ಬಳಸಬಹುದೇ?

200 ರೋಗಿಗಳು, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ (ಪ್ರತಿಯೊಂದಕ್ಕೂ 0ಯಿಂದ 3 ಅಂಕ) ಪಿಎಚ್‌ಕ್ಯೂ-9 ಮೊದಲ ದಿನ ಒಮ್ಮೆ, 12ನೇ ವಾರ ಇನ್ನೊಮ್ಮೆ, ಒಟ್ಟು ಅಂಕದ ಬದಲು ಥೀಟಾ ಬೇಕು, ಅಂದರೆ ಐಟಂ ರೆಸ್ಪಾನ್ಸ್ ಥಿಯರಿ (ಐಆರ್‌ಟಿ) ಉತ್ತರಗಳಿಂದ ಅಂದಾಜಿಸುವ ಖಿನ್ನತೆಯ ಮಟ್ಟ. ಇಷ್ಟೇ ತಾನೆ? ನಾನೂ ಇದೇ ಗುಂಡಿಗೆ ಬಿದ್ದವನು. ಮೊದಲ ಭೇಟಿಗೊಂದು ಗ್ರೇಡೆಡ್ ರೆಸ್ಪಾನ್ಸ್ ಮಾಡೆಲ್ (0, 1, 2, 3ರಂಥ ಶ್ರೇಣಿಯ ಉತ್ತರಗಳಿಗಿರುವ ಐಆರ್‌ಟಿ ಮಾಡೆಲ್), 12ನೇ ವಾರಕ್ಕೆ ಪ್ರತ್ಯೇಕವಾಗಿ ಮತ್ತೊಂದು ಹೊಂದಿಸಿದೆ. ಎರಡೂ ಚೆನ್ನಾಗಿಯೇ ಕೂತವು. ಥೀಟಾ ಕಳೆದು ನೋಡಿದರೆ ಸರಾಸರಿ ಬದಲಾವಣೆ ಸೊನ್ನೆ! ಒಟ್ಟು ಅಂಕ ನೋಡಿದರೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು.

ಥೀಟಾಗೆ ಹುಟ್ಟಿನಿಂದ ಬಂದ ಸೊನ್ನೆ ಎಂಬುದಿಲ್ಲ. ನಿಮ್ಮ ಮುಂದಿರುವ ಗುಂಪಿನ ಸರಾಸರಿ 0, ಮಾನಕ ವಿಚಲನೆ 1 ಎಂದು ಸಾಫ್ಟ್‌ವೇರೇ ಹಿಡಿದುಕೊಳ್ಳುತ್ತದೆ. ಎರಡು ಸಲ ಬೇರೆ ಬೇರೆ ಹೊಂದಿಸಿದರೆ ಎರಡು ಸಲವೂ ಸೊನ್ನೆಯೇ. ರೋಗಿಗಳು ಸುಧಾರಿಸಿದ್ದು ಎಲ್ಲಿ ಹೋಯಿತು? ಥ್ರೆಶೋಲ್ಡ್‌ಗಳಿಗೆ, ಅಂದರೆ ಒಂದು ಉತ್ತರದಿಂದ ಅದರ ಮೇಲಿನ ಉತ್ತರಕ್ಕೆ ದಾಟುವ ಥೀಟಾ ಮಟ್ಟಗಳಿಗೆ. ಒಂಬತ್ತೂ ಪ್ರಶ್ನೆಗಳ ಥ್ರೆಶೋಲ್ಡ್ ಒಟ್ಟಿಗೆ ಮೇಲೇರಿತ್ತು, ಜನ ಬದಲಾಗದೆ ಪ್ರಶ್ನೆಗಳೇ ಬದಲಾದಂತೆ. ಎರಡು ಕೋಷ್ಟಕ ಪಕ್ಕಪಕ್ಕ ಇಟ್ಟಿದ್ದರೆ ಐದು ನಿಮಿಷದಲ್ಲಿ ಕಾಣುತ್ತಿತ್ತು. ನಾನು ಐಟಂ ಫಿಟ್ (ಪ್ರತಿ ಪ್ರಶ್ನೆ ಮಾಡೆಲ್‌ಗೆ ಎಷ್ಟು ಹೊಂದುತ್ತದೆ ಎಂಬುದು) ನೋಡಿ ಸುಮ್ಮನಾದೆ. ಸೊನ್ನೆ ಎಲ್ಲಿಟ್ಟರೂ ಫಿಟ್ ಬದಲಾಗುವುದಿಲ್ಲ, ಹಾಗಾಗಿ ಅದು ಈ ತಪ್ಪನ್ನು ಎಂದೂ ಹಿಡಿಯದು.

ಮಾಡಬೇಕಾದ್ದು: ಎರಡು ಭೇಟಿಗಳನ್ನು ಒಂದೇ ಮಾಡೆಲ್‌ನಲ್ಲಿ ಎರಡು ಆಯಾಮಗಳಾಗಿ ಇಡಿ. ಪ್ರತಿ ಪ್ರಶ್ನೆಯ ಸ್ಲೋಪ್ (ಅದು ರೋಗಿಗಳನ್ನು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬುದು), ಥ್ರೆಶೋಲ್ಡ್ ಎರಡೂ ಭೇಟಿಗೆ ಸಮವಿರಲಿ. ಮೊದಲ ಆಯಾಮಕ್ಕೆ ಮಾತ್ರ ಸರಾಸರಿ 0, ವೇರಿಯನ್ಸ್ 1 ಎಂದು ಹಿಡಿಯಿರಿ. ಎರಡನೆಯದರ ಸರಾಸರಿ, ವೇರಿಯನ್ಸ್, ಎರಡರ ನಡುವಿನ ಕೋವೇರಿಯನ್ಸ್ ಇವನ್ನು ಅಂದಾಜಿಸಲು ಬಿಡಿ. ಆರ್ ಸಾಫ್ಟ್‌ವೇರಿನ ಮಿರ್ಟ್ ಪ್ಯಾಕೇಜಿನಲ್ಲಿ ಇದು ಸಾಧ್ಯ. ಎರಡು ಭೇಟಿಗಳನ್ನು ಎರಡು ಗುಂಪೆಂದು ಇಡುವ ಮಲ್ಟಿಪಲ್ ಗ್ರೂಪ್ ಮಾಡೆಲ್ ಬೇಡ; ಅದು ಅದೇ ರೋಗಿಯನ್ನು ಇಬ್ಬರೆಂದು ಎಣಿಸುತ್ತದೆ.

ಆದರೆ 200 ಜನ ಕಡಿಮೆಯೇ. ಪ್ರಶ್ನೆಗೆ 1 ಸ್ಲೋಪ್, 3 ಥ್ರೆಶೋಲ್ಡ್, ಒಟ್ಟು 36 ಪ್ಯಾರಾಮೀಟರ್. ಸಾವಿನ ಯೋಚನೆ ಕೇಳುವ 9ನೇ ಪ್ರಶ್ನೆಗೆ 3 ಎಂದವರು ನಾಲ್ಕೈದೇ ಮಂದಿ ಇದ್ದರೆ ಆ ಥ್ರೆಶೋಲ್ಡ್‌ನ ಸ್ಟ್ಯಾಂಡರ್ಡ್ ಎರರ್ ನೋಡಿಯೇ ಗಾಬರಿಯಾಗುತ್ತೀರಿ. 2 ಮತ್ತು 3ನ್ನು ಸೇರಿಸಿ, ಎರಡೂ ಭೇಟಿಗೆ ಒಂದೇ ರೀತಿ. 12ನೇ ವಾರ ಎಲ್ಲಕ್ಕೂ 0 ಎಂದವರಿಗೆ ಮ್ಯಾಕ್ಸಿಮಮ್ ಲೈಕ್ಲಿಹುಡ್ ಅಂಕವೇ ಸಿಗದು, ಮೈನಸ್ ಅನಂತಕ್ಕೆ ಓಡುತ್ತದೆ, ಇಎಪಿ (ಗುಂಪಿನ ಹಂಚಿಕೆಯನ್ನೂ ಲೆಕ್ಕಕ್ಕೆ ಹಿಡಿದು ಕೊಡುವ ಸರಾಸರಿ ಅಂದಾಜು) ಬಳಸಿ.

ಇಷ್ಟೆಲ್ಲ ಹೇಳಿದರೂ, ನಿಮಗೆ ಥೀಟಾ ಬೇಕಿಲ್ಲ ಎಂದೇ ನನ್ನ ಮಾತು. ಒಂಬತ್ತಕ್ಕೂ ಉತ್ತರ ಬಂದಿದ್ದರೆ ಒಟ್ಟು ಅಂಕವೂ ಥೀಟಾವೂ ರೋಗಿಗಳನ್ನು ಬಹುತೇಕ ಅದೇ ಸಾಲಿನಲ್ಲಿ ನಿಲ್ಲಿಸುತ್ತವೆ. ಒಟ್ಟು ಅಂಕದಲ್ಲಿ ಖಿನ್ನತೆಯ ತೀವ್ರತೆ ಹೇಳುವ 5, 10, 15, 20ರ ಗಡಿಗಳು ವೈದ್ಯರಿಗೆ ಗೊತ್ತು, ಥೀಟಾ ಮೈನಸ್ 0.7 ಎಂದರೆ ಅವರು ನಿಮ್ಮ ಮುಖ ನೋಡುತ್ತಾರೆ. ಫಾರಂ ಎರಡು ಭಾಷೆಯಲ್ಲಿ ಕೊಟ್ಟಿದ್ದರೆ, ಉತ್ತರ ಬಿಟ್ಟವರು ಬಹಳವಿದ್ದರೆ, ಆಗ ಐಆರ್‌ಟಿ ತೆಗೆಯಿರಿ.