ಸಂಪಾದಕರ ಉತ್ತರ: ಹೊಟ್ಟೆಯ ಕೊಬ್ಬಿನಿಂದ ಅಮ್ಮನ ಗಂಟುನೋವು ಹೋಗುತ್ತದೆಯೇ?

ಬ್ರಹ್ಮಾವರದ ಕಡೆಯ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಬೇಡ ಎಂದಿದ್ದಾರೆ.

"ಅಮ್ಮನಿಗೆ ರುಮಟಾಯ್ಡ್ ಆರ್ತ್ರೈಟಿಸ್. ಬೀಡಿ ಕಟ್ಟುತ್ತಿದ್ದ ಬೆರಳುಗಳು ಈಗ ಬೆಳಿಗ್ಗೆ ಹೊತ್ತು ಮಡಚುವುದೇ ಇಲ್ಲ. ಮಣಿಪಾಲದಲ್ಲಿ ತೋರಿಸುತ್ತಿದ್ದೇವೆ, ಮಾತ್ರೆ ನಡೆಯುತ್ತಿದೆ. ಮೊನ್ನೆ ಬೇರೆ ಊರಿನ ಕ್ಲಿನಿಕ್ ಒಂದರ ಏಜೆಂಟ್ ಮನೆಗೆ ಬಂದಿದ್ದ. ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ರಕ್ತಕ್ಕೆ ಬಿಡುತ್ತಾರಂತೆ. ಬೆಳಿಗ್ಗೆ ಹೋದರೆ ಸಂಜೆ ಬರಬಹುದು, ನಿಮ್ಮದೇ ಕೋಶವಾದ್ದರಿಂದ ಸೈಡ್ ಎಫೆಕ್ಟ್ ಇಲ್ಲ, ಮಣಿಪಾಲದವರ ಸ್ಟೆಮ್ ಸೆಲ್‌ಗೇ ಸರ್ಕಾರದ ಒಪ್ಪಿಗೆ ಉಂಟು ಎಂದ. ನಾಲ್ಕೂವರೆ ಲಕ್ಷ. ಎರಡು ವಾರ ಮೊದಲೇ ಮೆಥೊಟ್ರೆಕ್ಸೇಟ್ ನಿಲ್ಲಿಸಬೇಕಂತೆ. ಅಣ್ಣ ಕತಾರಿನಿಂದ ಸ್ವಲ್ಪ ಕಳಿಸುತ್ತಾನೆ. ಉಳಿದದ್ದಕ್ಕೆ ಸೊಸೈಟಿಯಲ್ಲಿ ಬಂಗಾರ ಅಡವಿಡಬೇಕು. ಇದು ನಿಜವೇ? ಬಿಟ್ಟರೆ ಅಮ್ಮನಿಗೆ ಅವಕಾಶ ತಪ್ಪುತ್ತದೆಯೇ?"

ನಮಸ್ಕಾರ.

ಬೇರೆಲ್ಲದಕ್ಕಿಂತ ಮೊದಲು ಮಾತ್ರೆಯ ವಿಷಯ. ಏಜೆಂಟ್ ಹೇಳಿದ ಅಂತ ಮೆಥೊಟ್ರೆಕ್ಸೇಟ್ ನಿಲ್ಲಿಸಬೇಡಿ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಆ ಮಾತ್ರೆ ಬರೀ ನೋವಿಗಲ್ಲ, ಗಂಟು ಸವೆದುಹೋಗದಂತೆ ಕಾಯುವುದಕ್ಕೆ. ಬಿಟ್ಟರೆ ಕಾಯಿಲೆ ಮತ್ತೆ ಕೆರಳಬಹುದು. ಪುನಃ ಶುರು ಮಾಡಿದರೂ ಅದು ಹಿಡಿತಕ್ಕೆ ಬರಲು ವಾರಗಳು ಬೇಕು. ಆ ನಡುವೆ ಮೂಳೆಗೆ ಆದ ಹಾನಿ ವಾಪಸ್ ಸರಿಯಾಗುವುದಿಲ್ಲ. ನಿಲ್ಲಿಸುವ ಕಾರಣ ಏನಾದರೂ ಇದ್ದರೆ ಅದನ್ನು ಬರೆದುಕೊಟ್ಟ ಡಾಕ್ಟರೇ ಹೇಳಬೇಕು. ಈಗಾಗಲೇ ನಿಲ್ಲಿಸಿದ್ದರೆ ನಾಳೆಯೇ ಅವರಿಗೆ ಫೋನ್ ಮಾಡಿ.

ಇನ್ನು ನಿಮ್ಮ ಪ್ರಶ್ನೆ. ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ, ಪೂರ್ತಿ ಸುಳ್ಳಲ್ಲ. ಹಾಗೆ ಹೇಳಿ ಕೈ ತೊಳೆದುಕೊಳ್ಳುವುದು ನನಗೆ ಸುಲಭ, ಆದರೆ ಅದು ನ್ಯಾಯವಲ್ಲ.

ಲೈಪೊಸಕ್ಷನ್ ಮಾಡಿ, ಅಂದರೆ ಕೊಳವೆಯಿಂದ ಹೀರಿ ತೆಗೆದ ಕೊಬ್ಬಿನಲ್ಲಿ ಇಂಥ ಕೋಶಗಳಿವೆ ಎಂದು 2001ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಪೆಟ್ರಿಷಿಯಾ ಝುಕ್ ಮತ್ತು ಜೊತೆಗಾರರು ತೋರಿಸಿದರು. ಮೂಳೆಮಜ್ಜೆಯಲ್ಲಿ ಸಿಗುವ ಕೋಶಗಳ ಹಾಗೆಯೇ ಇವು ವರ್ತಿಸುತ್ತವೆ. ಅಮ್ಮನ ಕಾಯಿಲೆಯಲ್ಲಿ ಆಗುವ ಹಾಗೆ ರೋಗನಿರೋಧಕ ವ್ಯವಸ್ಥೆ ಮೈಮೇಲೆಯೇ ತಿರುಗಿಬಿದ್ದಾಗ ಇವು ಬಿಡುವ ಕೆಲವು ರಾಸಾಯನಿಕಗಳು ಆ ವ್ಯವಸ್ಥೆಯ ಸೈನಿಕರಂತಿರುವ ಟಿ ಕೋಶಗಳ ಅಬ್ಬರವನ್ನು ತಗ್ಗಿಸುತ್ತವೆ. ಜಗಳದ ನಡುವೆ ಊರ ಹಿರಿಯರೊಬ್ಬರು ಬಂದು ಎರಡೂ ಕಡೆಯವರನ್ನು ಕೂರಿಸಿದ ಹಾಗೆ. ಹೊಸ ಗಂಟು ಬೆಳೆಸುವ ಕೆಲಸ ಇವುಗಳದ್ದಲ್ಲ. ರಕ್ತಕ್ಕೆ ಬಿಟ್ಟ ಕೋಶಗಳಲ್ಲಿ ಹೆಚ್ಚಿನವು ಮೊದಲು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಜಾಸ್ತಿ ದಿನ ಬದುಕುವುದೂ ಇಲ್ಲ.

2004ರಲ್ಲಿ ಸ್ವೀಡನ್ನಿನ ವೈದ್ಯರು ಒಂಬತ್ತು ವರ್ಷದ ಹುಡುಗನ ವಿಷಯ ಬರೆದರು. ಬೇರೆಯವರ ಮಜ್ಜೆ ಹಾಕಿಸಿಕೊಂಡ ಮೇಲೆ ಆ ಹೊಸ ಕೋಶಗಳು ಅವನ ಕರುಳು, ಯಕೃತ್ತಿನ ಮೇಲೆ ದಾಳಿ ಮಾಡುತ್ತಿದ್ದವು. ಯಾವ ಔಷಧಕ್ಕೂ ಬಗ್ಗಲಿಲ್ಲ. ತಾಯಿಯ ಮಜ್ಜೆಯಿಂದ ತೆಗೆದು ಬೆಳೆಸಿದ ಕೋಶ ಕೊಟ್ಟಾಗ ಇಳಿಯಿತು. ಅಲ್ಲಿಂದ ಅಮೆರಿಕದ ಔಷಧ ಇಲಾಖೆ ಮಕ್ಕಳ ಅದೇ ತೊಂದರೆಗೆ ಅಂಥದೊಂದು ಔಷಧ ಒಪ್ಪಿದ್ದು 2024ರ ಡಿಸೆಂಬರಿನಲ್ಲಿ. ಅದೂ ದಾನಿಗಳ ಮಜ್ಜೆಯದ್ದು, ಸ್ಟಿರಾಯ್ಡ್ ಕೆಲಸ ಮಾಡದ ಮಕ್ಕಳಿಗೆ ಮಾತ್ರ. ನಡುವೆ 20 ವರ್ಷ ಹೋಯಿತು ನೋಡಿ.

ಕೊಬ್ಬಿನ ಕೋಶದ ಕತೆ ಇನ್ನೂ ತಿಳಿದುಕೊಳ್ಳಬೇಕಾದದ್ದು. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಲ್ಲಿ ಗುದದ್ವಾರದ ಸುತ್ತ ಫಿಸ್ಟುಲಾ, ಅಂದರೆ ಕರುಳಿನಿಂದ ಚರ್ಮಕ್ಕೆ ಕೊರೆದ ಸುರಂಗದಂಥ ಹುಣ್ಣು, ಆಗುವುದುಂಟು. ಅದಕ್ಕೆ ದಾನಿಗಳ ಕೊಬ್ಬಿನಿಂದ ಬೆಳೆಸಿದ 12 ಕೋಟಿ ಕೋಶಗಳನ್ನು ಜಾಗಕ್ಕೇ ಚುಚ್ಚುವ ಔಷಧ ಬಂತು, ಡಾರ್ವಾಡ್‌ಸ್ಟ್ರೋಸೆಲ್ ಅಂತ. 212 ಜನರ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇ. 50 ಜನರಿಗೆ, ಬರೀ ಸಲೈನ್ ಪಡೆದವರಲ್ಲಿ ಶೇ. 34 ಜನರಿಗೆ ವಾಸಿಯಾಯಿತು. ಯುರೋಪ್ 2018ರಲ್ಲಿ ಒಪ್ಪಿತು. ಮತ್ತೆ ದೊಡ್ಡ ಪ್ರಯೋಗ ಮಾಡಿದರು. 2023ರಲ್ಲಿ ಫಲಿತಾಂಶ ಬಂದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2024ರ ಕೊನೆಗೆ ಯುರೋಪಿನ ಮಾರುಕಟ್ಟೆಯಿಂದ ಅದು ಹಿಂದೆ ಸರಿಯಿತು. ಅಷ್ಟು ಜತನದಿಂದ ತಯಾರಿಸಿದ ಔಷಧದ ಪಾಡು ಇದು. ಸಲೈನ್ ಪಡೆದವರಲ್ಲೂ ಅಷ್ಟು ಜನ ವಾಸಿಯಾದದ್ದನ್ನು ಗಮನಿಸಿ. ಏಜೆಂಟ್ ತೋರಿಸುವ "ನನಗೆ ವಾಸಿಯಾಯಿತು" ಎಂಬ ವಿಡಿಯೋಗಳನ್ನು ನಾನು ನಂಬದೇ ಇರುವುದು ಇದಕ್ಕೇ.

ನಿಮ್ಮ ಅಮ್ಮನ ಕಾಯಿಲೆಗೂ ಪ್ರಯತ್ನ ಆಗಿದೆ. ಸ್ಪೇನಿನಲ್ಲಿ ಬೇರೆ ಔಷಧಗಳಿಗೆ ಬಗ್ಗದ 53 ಜನರ ಪ್ರಯೋಗದಲ್ಲಿ ಹೆಚ್ಚಿನವರಿಗೆ ಕೊಬ್ಬಿನ ಕೋಶ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾಯಿತು. ಮೊದಲ ತಿಂಗಳು ಕೆಲವರಿಗೆ ಸ್ವಲ್ಪ ಹಗುರ ಅನಿಸಿತು, ಮೂರನೇ ತಿಂಗಳಿಗೆ ಅದೂ ಇಳಿಯಿತು. ಇದರ ಮೇಲೆ ಯಾರಾದರೂ ಬಂಗಾರ ಅಡವಿಡಿ ಎಂದರೆ ನನಗೆ ಸಿಟ್ಟು ಬರುತ್ತದೆ.

"ಬೆಳಿಗ್ಗೆ ಹೋದರೆ ಸಂಜೆ ಬರಬಹುದು" ಎಂಬ ಮಾತು ಬಹಳಷ್ಟನ್ನು ಹೇಳುತ್ತದೆ. ಪ್ರಯೋಗಗಳಲ್ಲಿ ಕೋಶಗಳನ್ನು ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿ, ಸೋಂಕು ಇಲ್ಲವೆಂದು ಪರೀಕ್ಷಿಸಿ, ಎಣಿಸಿ ಕೊಡುತ್ತಾರೆ. ಒಂದೇ ದಿನದಲ್ಲಿ ಆಗುವುದು ಕೊಬ್ಬನ್ನು ಕಿಣ್ವ ಹಾಕಿ ಕರಗಿಸಿ, ಯಂತ್ರದಲ್ಲಿ ಗಿರಗಿರ ತಿರುಗಿಸಿ, ತಳದಲ್ಲಿ ಕೂತದ್ದನ್ನು ಚುಚ್ಚುವುದು. ಅದು ಹತ್ತಾರು ಬಗೆಯ ಕೋಶಗಳ ಮಿಶ್ರಣ. ಸ್ಟೆಮ್ ಸೆಲ್ ಅದರಲ್ಲಿ ಒಂದು ಸಣ್ಣ ಪಾಲು. ಕೊಬ್ಬಿನ ಕೋಶಗಳಿಗೆ ರಕ್ತ ಹೆಪ್ಪುಗಟ್ಟಿಸುವ ಗುಣವೂ ಉಂಟು.

"ನಿಮ್ಮದೇ ಕೋಶ, ಭಯ ಇಲ್ಲ" ಎಂಬುದಕ್ಕೆ ಫ್ಲಾರಿಡಾದ ಮೂವರು ಹೆಂಗಸರ ಕತೆಯೇ ಉತ್ತರ. ಕಣ್ಣು ಮಸುಕಾಗುವ ಕಾಯಿಲೆಗೆ ಅವರದ್ದೇ ಹೊಟ್ಟೆಯ ಕೊಬ್ಬು ತೆಗೆದು, ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿದರು. ತಲಾ 5,000 ಡಾಲರ್ ವಸೂಲಿ ಮಾಡಿದರು. ಇದೊಂದು ಸಂಶೋಧನೆ ಎಂದು ಕೆಲವರು ನಂಬಿದ್ದರು. ಮೂವರ ದೃಷ್ಟಿಯೂ ಬಹುಪಾಲು ಹೋಯಿತು. ವೈದ್ಯಕೀಯ ಪತ್ರಿಕೆಯಲ್ಲಿ 2017ರಲ್ಲಿ ಇದು ಬಂದಿದೆ.

ಮಣಿಪಾಲದ ಮಾತು ಅರ್ಧ ನಿಜ. ಮಣಿಪಾಲ ಗ್ರೂಪ್ ಕಟ್ಟಿದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಸ್ಟೆಮ್ ಸೆಲ್ ಔಷಧಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಆದರೆ ಅದು ದಾನಿಗಳ ಮಜ್ಜೆಯಿಂದ ಮಾಡಿದ್ದು. ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಗೆ ಮೊದಲು, 2022ರಲ್ಲಿ ಮೊಣಕಾಲಿನ ಸವೆತಕ್ಕೆ. ವಯಸ್ಸಿಗೆ ಬರುವ ಮೊಣಕಾಲು ಸವೆತವೇ ಬೇರೆ, ಅಮ್ಮನ ರುಮಟಾಯ್ಡ್ ಬೇರೆ. ಎರಡನ್ನೂ ಗಂಟುನೋವು ಅಂತಲೇ ಕರೆಯುವುದರಿಂದ ಏಜೆಂಟರಿಗೆ ಸಲೀಸು.

ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂಥದ್ದು ಬಿಟ್ಟರೆ, ಒಪ್ಪಿಗೆ ಸಿಗದ ಸ್ಟೆಮ್ ಸೆಲ್ ಬಳಕೆಯೆಲ್ಲ ಸಂಶೋಧನೆ. ಸಂಶೋಧನೆ ಎಂದರೆ ಎಥಿಕ್ಸ್ ಸಮಿತಿ ಒಪ್ಪಬೇಕು, ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ನೋಂದಣಿ ಇರಬೇಕು. ಸೇರಿದವರಿಂದ ಹಣ ಕೇಳುವಂತಿಲ್ಲ. ಹಾಗಾದರೆ ಆ ನಾಲ್ಕೂವರೆ ಲಕ್ಷ ಯಾತಕ್ಕೆ? ಇದನ್ನೇ ಅವನಿಗೆ ಕೇಳಿ. ಸುಮ್ನೆ ಮಾತಲ್ಲಿ ಅಲ್ಲ, ಸಿಟಿಆರ್‌ಐ ಸಂಖ್ಯೆ ಬರೆದುಕೊಡಲು ಹೇಳಿ.

ಅವಕಾಶ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಅಮ್ಮನಿಗೆ ಇನ್ನೂ ದಾರಿಗಳಿವೆ, ಇಲ್ಲೇ ಇವೆ. ಮೆಥೊಟ್ರೆಕ್ಸೇಟ್ ಒಂದೇ ಸಾಲದಿದ್ದರೆ ಜೊತೆಗೆ ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಸೇರಿಸುತ್ತಾರೆ. ಟೊಫಾಸಿಟಿನಿಬ್ ಎಂಬ ಮಾತ್ರೆಯ ಜನೆರಿಕ್ ನಮ್ಮಲ್ಲೇ ಸಿಗುತ್ತದೆ. ಅಡಲಿಮುಮ್ಯಾಬ್‌ನಂಥ ಇಂಜೆಕ್ಷನ್ ಕೂಡ ಭಾರತದಲ್ಲೇ ತಯಾರಾಗುತ್ತದೆ. ಈ ಕೊನೆಯ ಎರಡನ್ನು ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು. ಯಾವುದು ಹೊಂದುತ್ತದೆ ಎಂದು ರುಮಟಾಲಜಿಸ್ಟ್, ಅಂದರೆ ಗಂಟುರೋಗದ ತಜ್ಞರ ಹತ್ತಿರ ಕೂತು ಮಾತಾಡಿ. ಬೆಳಿಗ್ಗೆ ಬೆರಳು ಎಷ್ಟು ಹೊತ್ತು ಬಿಗಿದಿರುತ್ತದೆ ಎಂದು ಬರೆದಿಟ್ಟುಕೊಂಡು ಹೋಗಿ, ಅವರಿಗೆ ಅದು ಬೇಕಾಗುತ್ತದೆ. ಅಣ್ಣ ಕಳಿಸುವ ಹಣ ಇದಕ್ಕೆ ಬರಲಿ. ಬಂಗಾರ ಮನೆಯಲ್ಲೇ ಇರಲಿ.

ಏಜೆಂಟ್ ಆ ಸಿಟಿಆರ್‌ಐ ಸಂಖ್ಯೆ ಕೊಟ್ಟರೆ, ಆ ಕಾಗದದ ಫೋಟೋ ನಮಗೆ ಕಳಿಸಿ. ಪಟ್ಟಿಯಲ್ಲಿ ಹುಡುಕಿ, ಅದು ಯಾವ ಕಾಯಿಲೆಯ, ಯಾವ ಕೋಶದ ಪ್ರಯೋಗ ಎಂದು ನೋಡಿ ತಿಳಿಸುತ್ತೇವೆ.